ಅತಾಮಿಯ ಬಿಸಿನೀರ ವಸತಿ: ಏಳು ದಿನದಿಂದ ಒಂದು ರಾತ್ರಿಗೆ

ಹೊಕ್ಕೈಡೋ, ಹೊನ್ಶೂ, ಶಿಕೋಕು, ಕ್ಯೂಶೂ ಎಂದು ಜಪಾನಿನ ನಾಲ್ಕು ದೊಡ್ಡ ದ್ವೀಪಗಳ ಹೆಸರನ್ನು ನಿಮ್ಮಿಂದ ಬಾಯಿಪಾಠ ಮಾಡಿಸಿದ ದಿನಗಳು ನನ್ನ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. 1868ರ ಮೆಯಿಜಿ ಪುನರುತ್ಥಾನ, 1904-05ರ ರಷ್ಯಾ-ಜಪಾನ್ ಯುದ್ಧ, 1945ರ ಹಿರೋಶಿಮಾ. ಇಷ್ಟರಲ್ಲಿ ಪಠ್ಯಪುಸ್ತಕದ ಜಪಾನು ಮುಗಿದುಹೋಗುತ್ತಿತ್ತು. ಆ ದೇಶದ ಜನ ಎಲ್ಲಿ, ಹೇಗೆ, ಎಷ್ಟು ದಿನ ಸ್ನಾನ ಮಾಡುತ್ತಾರೆಂಬುದು ಪರೀಕ್ಷೆಗೆ ಬರುವ ವಿಷಯವಾಗಿರಲಿಲ್ಲ. ಆದರೆ ಅಲ್ಲಿಯ ಒಂದೇ ಒಂದು ಊರಿನ ಸ್ನಾನದ ಚರಿತ್ರೆಯನ್ನು ಹಿಡಿದು ಹೊರಟರೆ ಶೋಗನ್ನರ ಕಾಲದಿಂದ ಬುಲೆಟ್ ರೈಲಿನ ಕಾಲದವರೆಗಿನ ನಾಲ್ಕು ನೂರು ವರ್ಷಗಳು ಕಣ್ಣಮುಂದೆ ಹಾದುಹೋಗುತ್ತವೆ. ಆ ಊರಿನ ಹೆಸರು ಅತಾಮಿ.

ಟೋಕಿಯೋದಿಂದ ರೈಲು ಮಾರ್ಗದಲ್ಲಿ ಸುಮಾರು 105 ಕಿಲೋಮೀಟರು ನೈಋತ್ಯಕ್ಕೆ, ಇಜು ಪರ್ಯಾಯದ್ವೀಪದ ಬುಡದಲ್ಲಿ, ಸಗಾಮಿ ಕೊಲ್ಲಿಗೆ ಮುಖಮಾಡಿ ಈ ಊರು ನಿಂತಿದೆ. ಬೆಟ್ಟವು ನೇರವಾಗಿ ಕಡಲಿಗೆ ಇಳಿಯುವುದರಿಂದ ಸಮತಟ್ಟಾದ ನೆಲ ಬಹಳ ಕಡಮೆ. ಮನೆಗಳೂ ವಸತಿಗೃಹಗಳೂ ನಮ್ಮ ನವರಾತ್ರಿಯ ಗೊಂಬೆಗಳಂತೆ ಮೆಟ್ಟಿಲು ಮೆಟ್ಟಿಲಾಗಿ ಒಂದರ ಮೇಲೊಂದು ಕುಳಿತಿವೆ. ಅತಾಮಿ ಎಂದರೆ ಬಿಸಿಯಾದ ಕಡಲು ಎಂದರ್ಥ. ಹಿಂದೆ ಕಡಲೊಳಗೇ ಕುದಿನೀರು ಉಕ್ಕಿ ಮೀನುಗಳು ಸಾಯುತ್ತಿದ್ದುವೆಂದೂ, ಬೆಸ್ತರ ಸಂಕಟವನ್ನು ಕಂಡ ಮಾಂಗಾನ್ ಎಂಬ ಬೌದ್ಧ ಯತಿಯು ಕ್ರಿ.ಶ. 749ರಲ್ಲಿ ಪ್ರಾರ್ಥಿಸಿ ಆ ಬುಗ್ಗೆಯನ್ನು ನೆಲದ ಮೇಲಕ್ಕೆ ತಂದನೆಂದೂ ಐತಿಹ್ಯ. ಬುಗ್ಗೆಯ ಬಳಿಯಲ್ಲಿ ಯುಜೆನ್ ಎಂಬ ದೇವಾಲಯ ಇಂದಿಗೂ ಇದೆ. ಐತಿಹ್ಯದಲ್ಲಿ ಚರಿತ್ರೆಯ ಪಾಲು ಎಷ್ಟೇ ಇರಲಿ, ಬಿಸಿನೀರು ಮೊದಲು ಬೆಸ್ತರಿಗೆ ಶಾಪವಾಗಿತ್ತು, ಆಮೇಲೆ ಊರಿಗೆ ಅನ್ನವಾಯಿತು ಎಂಬ ಕ್ರಮ ನನಗೆ ಹಿಡಿಸಿತು.

ನಾನೂ ನನ್ನ ಪತ್ನಿಯೂ ಅಲ್ಲಿಗೆ ಹೋದದ್ದು 2018ರ ನವೆಂಬರಿನಲ್ಲಿ. ಮಗಳೂ ಅಳಿಯನೂ ಆಗ ಯೊಕೊಹಾಮಾದಲ್ಲಿ ಉದ್ಯೋಗದಲ್ಲಿದ್ದರು. ನಾವು ಅವರ ಮನೆಯಲ್ಲಿ ಎರಡು ತಿಂಗಳು ಇದ್ದೆವು. ನನ್ನಾಕೆಗೆ ಮಂಡಿನೋವು ಹಳೆಯದು. ಆ ಊರಿನ ಉಪ್ಪುಬುಗ್ಗೆಯ ನೀರು ಕೀಲುಗಳಿಗೆ ಹಿತವೆಂದು ಯಾರೋ ಹೇಳಿದರೆಂದು ಮಗಳು ಕಡಲತಡಿಯ ಒಂದು ಹಳೆಯ ಮಾದರಿಯ ವಸತಿಗೃಹದಲ್ಲಿ ಎರಡು ರಾತ್ರಿಗೆ ಕೋಣೆ ಕಾದಿರಿಸಿದಳು. ಅಂತಹ ಮನೆಗೆ ಅವರು ರ್ಯೊಕಾನ್ ಎನ್ನುತ್ತಾರೆ. ಅವಳಿಗೂ ಅಳಿಯನಿಗೂ ರಜೆ ಸಿಗಲಿಲ್ಲ. ನಮ್ಮನ್ನು ರೈಲು ಹತ್ತಿಸಿ, ಇಳಿದ ಮೇಲೆ ತೋರಿಸಲೆಂದು ಜಪಾನೀ ಅಕ್ಷರದಲ್ಲಿ ಬರೆದ ಒಂದು ಚೀಟಿಯನ್ನು ಕೈಯಲ್ಲಿಟ್ಟಳು.

ಬಾಗಿಲಲ್ಲಿ ಪಾದರಕ್ಷೆ ಬಿಡುವುದು ನಮಗೆ ಹೊಸದಲ್ಲ. ಮನೆಯೊಡತಿ ಮೊಣಕಾಲೂರಿ ಕುಳಿತು ತಲೆಬಾಗಿ ಬರಮಾಡಿಕೊಂಡಳು. ಒಡತಿಯನ್ನು ಓಕಾಮಿ ಎಂದೂ ಕೋಣೆಯ ಊಳಿಗದ ಹೆಂಗಸರನ್ನು ನಕಾಯಿ ಎಂದೂ ಕರೆಯುವರು. ಕೋಣೆಯ ನೆಲವೆಲ್ಲ ತಾತಾಮಿ ಎಂಬ ದಪ್ಪ ಚಾಪೆ. ನಡುವೆ ಒಂದು ಕುಳ್ಳ ಮೇಜು. ಮೂಲೆಯಲ್ಲಿ ಒಂದು ಚಿತ್ರಪಟ, ಅದರ ಕೆಳಗೆ ಹೂವಿನ ಒಂದೇ ಒಂದು ಕೊಂಬೆ. ಮಂಚವಿಲ್ಲ. ಇವಳ ಮುಖ ಸಣ್ಣದಾಯಿತು. ನೆಲದಲ್ಲಿ ಕುಳಿತರೆ ಎಬ್ಬಿಸಲು ಇಬ್ಬರು ಬೇಕಾಗುವ ಸ್ಥಿತಿ ಅವಳದು. ಒಂದು ಮಾತೂ ಆಡದಿರುವಾಗಲೇ ನಕಾಯಿ ಅವಳ ನಡಿಗೆಯನ್ನು ನೋಡಿದ್ದಳೆಂದು ತೋರುತ್ತದೆ. ಚಹಾ ತರುವ ಮೊದಲು ಒಂದು ಕುರ್ಚಿ ಬಂತು, ಅದರ ಎತ್ತರಕ್ಕೆ ಹೊಂದುವ ಸಣ್ಣ ಮೇಜೂ ಬಂತು. ಊಟದ ವಿಷಯವನ್ನು ಮಗಳು ಮೊದಲೇ ಬರೆದು ತಿಳಿಸಿದ್ದಳು. ಕಡಲತಡಿಯ ರ್ಯೊಕಾನಿನ ರಾತ್ರಿಯೂಟವೆಂದರೆ ಮೀನೇ ಮೀನು, ಮೀನು ಕಾಣದ ಸಾರಿನಲ್ಲಿಯೂ ಒಣಮೀನಿನ ರಸ. ಅವರು ನಮಗಾಗಿ ಕಡಲಪಾಚಿಯಿಂದ ಸಾರು ತೆಗೆದು, ತೋಫು, ಉಪ್ಪಿನಕಾಯಿ, ತರಕಾರಿಯ ಬೋಂಡದಂತಹ ತೆಂಪುರಾ, ಅನ್ನ ಎಂದು ಹನ್ನೊಂದು ಸಣ್ಣ ಬಟ್ಟಲುಗಳನ್ನು ಜೋಡಿಸಿದರು. ಖಾರ ಮಾತ್ರ ಇರಲಿಲ್ಲ. ಚಟ್ನಿಪುಡಿ ನಮ್ಮ ಚೀಲದಲ್ಲಿತ್ತು.

ಉಡಲು ಯುಕಾತಾ ಎಂಬ ನೂಲಿನ ನಿಲುವಂಗಿ ಕೊಡುತ್ತಾರೆ. ಎಡಸೆರಗು ಬಲಸೆರಗಿನ ಮೇಲೆ ಬರುವಂತೆ ಸುತ್ತಿಕೊಳ್ಳಬೇಕು. ನಾನು ಕಟ್ಟಿಕೊಳ್ಳುವ ಮುನ್ನವೇ ನಕಾಯಿ ಕೈಸನ್ನೆಯಿಂದ ಅದನ್ನು ತೋರಿಸಿಕೊಟ್ಟಳು. ಬಲವನ್ನು ಮೇಲೆ ತರುವುದು ಹೆಣಕ್ಕೆ ಉಡಿಸುವಾಗ ಮಾತ್ರವಂತೆ. ಅಪರಕರ್ಮದಲ್ಲಿ ನಮ್ಮವರು ಜನಿವಾರವನ್ನು ಅಪಸವ್ಯ ಮಾಡಿಕೊಳ್ಳುವುದು ನೆನಪಾಯಿತು. ಬದುಕಿರುವವರಿಗೂ ಸತ್ತವರಿಗೂ ಎಡಬಲದ ಗೆರೆಯೆಳೆಯುವ ಬುದ್ಧಿ ಎಷ್ಟು ದೂರದೂರದ ಜನರಿಗೆ ಹೊಳೆದಿದೆ!

ಇರಲಿ, ಚರಿತ್ರೆಗೆ ಬರೋಣ. ಹಳೆಯ ಕಾಲದಲ್ಲಿ ಬಿಸಿನೀರಿನ ಊರಿಗೆ ಹೋಗುವುದೆಂದರೆ ವಿಹಾರವಲ್ಲ, ಚಿಕಿತ್ಸೆ. ಅದಕ್ಕೆ ತೋಜಿ ಎಂದು ಹೆಸರು. ಏಳು ದಿನಕ್ಕೆ ಒಂದು ಸುತ್ತು. ಮೂರು ಸುತ್ತು, ಅಂದರೆ ಇಪ್ಪತ್ತೊಂದು ದಿನ ಮಿಂದರೆ ಪೂರ್ಣ ಚಿಕಿತ್ಸೆ ಎಂಬುದು ರೂಢಿಯಾಗಿತ್ತು. ಸುಗ್ಗಿ ಮುಗಿದ ಮೇಲೆ ರೈತರು ಅಕ್ಕಿಯನ್ನು ಕಟ್ಟಿಕೊಂಡು ಹೋಗಿ, ಹಾಸಿಗೆಯನ್ನೂ ಒಲೆಯನ್ನೂ ಬಾಡಿಗೆಗೆ ಹಿಡಿದು, ತಾವೇ ಬೇಯಿಸಿಕೊಂಡು ವಾರಗಟ್ಟಲೆ ಇರುತ್ತಿದ್ದರು. ತೊಕುಗಾವಾ ಮನೆತನದ ಆಳ್ವಿಕೆಯಲ್ಲಿ ಸಾಮಾನ್ಯ ಜನ ಮನಬಂದಂತೆ ಊರು ಬಿಡುವಂತಿರಲಿಲ್ಲ, ರಹದಾರಿ ಬೇಕಿತ್ತು. ತೀರ್ಥಯಾತ್ರೆ ಮತ್ತು ಬಿಸಿನೀರಿನ ಚಿಕಿತ್ಸೆ, ಇವೆರಡು ಕಾರಣಗಳಿಗೆ ಅದು ದೊರೆಯುತ್ತಿತ್ತು. ಆದುದರಿಂದ ಕಾಯಿಲೆಯಿಲ್ಲದ ಎಷ್ಟು ಮಂದಿ ಅಂದು ಕಾಯಿಲೆಯ ಹೆಸರಿನಲ್ಲಿ ಲೋಕ ನೋಡಿ ಬಂದರೋ ದೇವರೇ ಬಲ್ಲ.

ಆ ಮನೆತನದ ಮೂಲಪುರುಷ ಇಯೆಯಾಸು, ಶೋಗನ್ ಪದವಿಗೇರಿದ ಮರುವರ್ಷ, 1604ರಲ್ಲಿ ತನ್ನ ಇಬ್ಬರು ಸಣ್ಣ ಗಂಡುಮಕ್ಕಳೊಡನೆ ಅತಾಮಿಗೆ ಬಂದು ಏಳು ದಿನ ತಂಗಿದನು. ಅದೇ ವರ್ಷ, ಕಾಯಿಲೆ ಬಿದ್ದಿದ್ದ ಕಿಕ್ಕಾವಾ ಹಿರೊಯಿಯೆ ಎಂಬ ಸರದಾರನಿಗೆ ಇಲ್ಲಿಯ ನೀರನ್ನು ಕಳುಹಿಸಿಕೊಟ್ಟನು. ಮುಂದೆ ನಾಲ್ಕನೆಯ ಶೋಗನ್ ಇಯೆತ್ಸುನಾನ ಕಾಲದಿಂದ ಎದೊ ನಗರದ ಅರಮನೆಗೇ (ಇಂದಿನ ಟೋಕಿಯೋ) ಪೀಪಾಯಿಗಳಲ್ಲಿ ನೀರು ಹೋಗತೊಡಗಿತು. ಮೊದಮೊದಲು ಆಳುಗಳು ಹೆಗಲ ಮೇಲೆ ಹೊತ್ತು ಬೆಟ್ಟ ದಾಟಿ ಓಡುತ್ತಿದ್ದರು. ಆಮೇಲೆ ದೋಣಿ ಬಂತು. ಎಂಟನೆಯ ಶೋಗನ್ ಯೊಶಿಮುನೆಯೊಬ್ಬನಿಗೆ 1726ರಿಂದ ಎಂಟು ವರ್ಷಗಳಲ್ಲಿ 3,600ಕ್ಕೂ ಹೆಚ್ಚು ಪೀಪಾಯಿ ನೀರು ಹೋಯಿತಂತೆ. ರಾಜನು ನೀರಿನ ಬಳಿಗೆ ಬರುವುದನ್ನು ಬಿಟ್ಟನು, ನೀರೇ ರಾಜನ ಬಳಿಗೆ ಹೋಯಿತು. ಈ ಲೇಖನದಲ್ಲಿ ನಾನು ಹೇಳಹೊರಟಿರುವ ಮಾತಿಗೆ ಇದೇ ಮೊದಲ ನಿದರ್ಶನ: ಸ್ನಾನ ಮಾಡುವವನ ಕಾಲ ಉಳಿದಾಗಲೆಲ್ಲ ಅದರ ಭಾರ ಮತ್ತೊಬ್ಬನ ಹೆಗಲಿಗೆ ಬಿದ್ದಿದೆ.

ಊರಿನ ಮುಖ್ಯ ಬುಗ್ಗೆಯ ಹೆಸರು ಓಯು, ಎಂದರೆ ದೊಡ್ಡ ಬಿಸಿನೀರು. ದಿನಕ್ಕೆ ಆರು ಸಲ ಹಬೆಯೊಡನೆ ಭೋರ್ಗರೆದು ಚಿಮ್ಮುತ್ತಿತ್ತು. ಅದರ ನೀರನ್ನು ಕೊಳವೆಗಳಲ್ಲಿ ಎಳೆದುಕೊಳ್ಳುವ ಹಕ್ಕು 27 ಮನೆಗಳಿಗೆ ಮಾತ್ರ ಇತ್ತು. ಮಿಕ್ಕವರು ಬೆಸ್ತರು, ಕೂಲಿಗಳು. ನೀರು ದೇವರದಾದರೂ ಕೊಳವೆ ಒಡೆಯನದು ಎಂಬ ನ್ಯಾಯ ಅಲ್ಲಿಯೂ ಇತ್ತು.

ತಂಗುವ ಅವಧಿಯ ಬಗೆಗೆ ಒಂದು ಸ್ವಾರಸ್ಯವಾದ ವ್ಯಾಜ್ಯ ನಡೆದದ್ದು ನೆರೆಯ ಹಾಕೊನೆ ಬೆಟ್ಟದಲ್ಲಿ. ತೊಕಾಯಿದೋ ಹೆದ್ದಾರಿಯಲ್ಲಿ ಪಯಣಿಗರು ರಾತ್ರಿ ತಂಗಲು ಗೊತ್ತಾದ ಠಾಣ್ಯದ ಊರುಗಳಿದ್ದುವು. ಓದಾವಾರಾ, ಹಾಕೊನೆ ಅಂತಹವು. ಒಂದು ರಾತ್ರಿ ತಂಗುವವರು ಅಲ್ಲಿಯೇ ತಂಗಬೇಕು; ಬಿಸಿನೀರಿನ ಊರಾದ ಯುಮೊತೊದಲ್ಲಿ ಉಳಿಯುವುದು ದೀರ್ಘ ಚಿಕಿತ್ಸೆಗೆ ಬಂದವರು ಮಾತ್ರ. ಆದರೆ ಯುಮೊತೊದವರು ಒಂದೇ ರಾತ್ರಿಯ ದಾರಿಹೋಕರನ್ನೂ ಚಿಕಿತ್ಸೆಯವರೆಂದು ಕರೆದು ಕೋಣೆ ಕೊಡತೊಡಗಿದರು. ವ್ಯಾಪಾರ ಕೆಟ್ಟಿತೆಂದು ಠಾಣ್ಯದವರು ದೂರು ಕೊಟ್ಟರು. 1805ರಲ್ಲಿ ಅಧಿಕಾರಿಗಳ ತೀರ್ಪು ಬಿಸಿನೀರಿನವರ ಪರವಾಗಿ ಬಂತು: ಒಂದು ರಾತ್ರಿಯ ಸ್ನಾನಕ್ಕೂ ತಡೆಯಿಲ್ಲ. ಇಪ್ಪತ್ತೊಂದು ದಿನದ ಚಿಕಿತ್ಸೆ ಒಂದು ರಾತ್ರಿಯ ವಿಹಾರವಾಗುವುದಕ್ಕೆ ಹೀಗೆ ಕಾಯಿದೆಯ ಒಪ್ಪಿಗೆ ಸಿಕ್ಕಿತು. ಇಂದು ಜಪಾನಿನ ಬಹುಪಾಲು ರ್ಯೊಕಾನ್‌ಗಳಲ್ಲಿ ದರ ಹೇಳುವುದೇ ಒಂದು ರಾತ್ರಿ, ಎರಡು ಊಟ ಎಂಬ ಲೆಕ್ಕದಲ್ಲಿ.

1860ರಲ್ಲಿ ಬ್ರಿಟನ್ನಿನ ರಾಯಭಾರಿ ರುದರ್‌ಫರ್ಡ್ ಆಲ್ಕಾಕ್ ಫ್ಯೂಜಿ ಪರ್ವತವನ್ನು ಏರಿ ಇಳಿದು ಅತಾಮಿಗೆ ಬಂದನು. ಜೊತೆಯಲ್ಲಿ ಟೋಬಿ ಎಂಬ ನಾಯಿ. ಓಯು ಬುಗ್ಗೆ ಚಿಮ್ಮುವ ಹೊತ್ತಿನಲ್ಲಿ ಅದರ ಮೇಲೆ ಹೋದ ನಾಯಿ ಕುದಿನೀರಿನಲ್ಲಿ ಬೆಂದು ಸತ್ತಿತು. ಪರದೇಶದವರನ್ನು ಕತ್ತಿ ಹಿಡಿದು ಅಟ್ಟುತ್ತಿದ್ದ ಕಾಲವದು. ಆದರೂ ಊರಿನ ಜನ ಸೇರಿ ಆ ನಾಯಿಯನ್ನು ಸಾವಧಾನದಿಂದ ಮಣ್ಣುಮಾಡಿದರು, ಅದಕ್ಕಾಗಿ ದುಃಖಿಸಿದರು. ಆಲ್ಕಾಕನು ಇದನ್ನು ಕೃತಜ್ಞತೆಯಿಂದ ಬರೆದಿಟ್ಟಿದ್ದಾನೆ. ಬುಗ್ಗೆಯ ಪಕ್ಕದಲ್ಲಿ ಟೋಬಿಯ ಕಲ್ಲನ್ನು ನಾವು ನೋಡಿದೆವು. ಬುಗ್ಗೆಯೇ ಈಗ ಸಹಜವಲ್ಲ. ಮೆಯಿಜಿ ಕಾಲದ ನಡುವಿನಿಂದ ಅದರ ಬಲ ಕುಗ್ಗುತ್ತ ಬಂದು, 1923ರ ಭೂಕಂಪದ ಹೊತ್ತಿಗೆ ಮತ್ತೆ ಸ್ವಲ್ಪ ಕಾಲ ಉಕ್ಕಿ, ಅನಂತರ ಬತ್ತಿತು. 1962ರಿಂದ ಯಂತ್ರದ ನೆರವಿನಿಂದ ಚಿಮ್ಮಿಸುತ್ತಿದ್ದಾರೆ.

ಸ್ನಾನದ ವಿಷಯ ಹೇಳದಿದ್ದರೆ ನನ್ನ ತಂಗಿಯಂದಿರು ಬಿಡುವುದಿಲ್ಲ. ಗಂಡಸರಿಗೂ ಹೆಂಗಸರಿಗೂ ಬೇರೆಬೇರೆ ಮನೆ. ಬಾಗಿಲಿಗೆ ಇಳಿಬಿಟ್ಟ ಬಟ್ಟೆಯ ಮೇಲಿನ ಅಕ್ಷರವೇ ಗುರುತು. ಹಿಂದೆ ಎಲ್ಲರೂ ಒಂದೇ ಕೊಳದಲ್ಲಿ ಮೀಯುವ ಪದ್ಧತಿ ಅನೇಕ ಕಡೆ ಇತ್ತು. ಪಾಶ್ಚಾತ್ಯರ ಮೂದಲಿಕೆಗೆ ಅಂಜಿದ ಮೆಯಿಜಿ ಸರ್ಕಾರ ಅದನ್ನು ತಡೆಯಲು ಆಜ್ಞೆಯ ಮೇಲೆ ಆಜ್ಞೆ ಹೊರಡಿಸಿತು. ಒಳಗೆ ಮೈಮೇಲೆ ಒಂದೆಳೆಯೂ ಇರುವಂತಿಲ್ಲ. ಕೈಯಗಲದ ಒಂದು ವಸ್ತ್ರ ಕೊಡುತ್ತಾರೆ, ಅದು ಮಾನ ಮುಚ್ಚಲು ಸಾಲದು, ಅದನ್ನು ನೀರಿಗೆ ಅದ್ದಲೂ ಕೂಡದು, ಮಡಿಸಿ ತಲೆಯ ಮೇಲಿಟ್ಟುಕೊಳ್ಳಬೇಕು. ಮೊದಲು ಕುಳ್ಳ ಮಣೆಯ ಮೇಲೆ ಕುಳಿತು ಸಾಬೂನು ಹಚ್ಚಿ ಮೈತೊಳೆದು, ನೊರೆಯ ಲೇಶವೂ ಉಳಿಯದಂತೆ ನೀರು ಹುಯ್ದುಕೊಂಡು ಆಮೇಲೆ ಕೊಳಕ್ಕೆ ಇಳಿಯುವುದು. ಕೊಳ ಕೊಳೆ ಕಳೆಯಲು ಅಲ್ಲ, ಕೂರಲು. ಎಪ್ಪತ್ತರ ವಯಸ್ಸಿನಲ್ಲಿ ಅಪರಿಚಿತರ ನಡುವೆ ಹಾಗೆ ನಿಲ್ಲುವುದು ಸಂಕೋಚವೇ. ಆದರೆ ಅಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ಕತ್ತಿನವರೆಗೆ ಬಿಸಿನೀರು, ಎದುರಿಗೆ ತಣ್ಣನೆಯ ಕಡಲು. ತುಟಿಗೆ ತಗಲಿದ ನೀರು ಉಪ್ಪುಪ್ಪು. ಈ ಉಪ್ಪು ಮೈಮೇಲೆ ತೆಳ್ಳನೆಯ ಪೊರೆಯಂತೆ ಉಳಿದು ಬೆವರು ಆರದಂತೆ ತಡೆಯುವುದರಿಂದ ಕಾವು ಬಹಳ ಹೊತ್ತು ನಿಲ್ಲುತ್ತದೆ ಎನ್ನುವರು. ಹೊರಬಂದು ಒಂದು ಗಂಟೆಯಾದರೂ ನನ್ನ ಬೆರಳುಗಳು ಬೆಚ್ಚಗಿದ್ದುದು ನಿಜ. ದೀಪಾವಳಿಯ ನರಕಚತುರ್ದಶಿಯ ದಿನ ಹಂಡೆಯ ನೀರಿನಲ್ಲಿ ಎಣ್ಣೆಸ್ನಾನ ಮಾಡಿ ಮಲಗಿದವರಿಗೆ ಆ ಸುಖ ಗೊತ್ತು.

ನನ್ನಾಕೆ ಹತ್ತು ಜನರ ನಡುವೆ ಇಳಿಯಲು ಸುತರಾಂ ಒಪ್ಪಲಿಲ್ಲ. ಗಂಟೆಯ ಲೆಕ್ಕದಲ್ಲಿ ಒಬ್ಬರಿಗೇ ಬಿಟ್ಟುಕೊಡುವ ಸಣ್ಣ ಕೊಳವೊಂದಿತ್ತು. ಅಲ್ಲಿ ಹಿಡಿಕಂಬಿಯೂ ಇತ್ತು. ಮೊದಲ ದಿನ ಎರಡು ಸಲ, ಮರುದಿನ ಮೂರು ಸಲ ಮಿಂದಳು.

ಮತ್ತೆ ದಾರಿಯ ಕಥೆ. ಮೆಯಿಜಿ ಕಾಲದಲ್ಲಿ ಮಂತ್ರಿಗಳೂ ಶ್ರೀಮಂತರೂ ಅತಾಮಿಗೆ ಮುಗಿಬಿದ್ದರು. 1881ರ ಜನವರಿಯಲ್ಲಿ ಇತೋ ಹಿರೊಬುಮಿ, ಓಕುಮಾ ಶಿಗೆನೊಬು, ಇನೊಉಎ ಕಾವೊರು ಮೊದಲಾದವರು ಸಂವಿಧಾನದ ಚರ್ಚೆಗೆ ಇಲ್ಲಿ ಸೇರಿದರು. 1889ರಲ್ಲಿ ಟೋಕಿಯೋದಿಂದ ದೂರವಾಣಿಯ ಪ್ರಯೋಗ ನಡೆಸಲು ಇದೇ ಊರನ್ನು ಆರಿಸಿದರು. ಆದರೆ ಓದಾವಾರಾದಿಂದ ಈಚೆಗೆ ರೈಲಿರಲಿಲ್ಲ. ಮೇನೆ ಅಥವಾ ರಿಕ್ಷಾ ಹಿಡಿದು ಕಡಲಂಚಿನ ಕಡಿದಾದ ದಾರಿಯಲ್ಲಿ ಅರ್ಧ ದಿನ ಬರಬೇಕು. ಆಗ ಅಮೆಮಿಯಾ ಕೆಯಿಜಿರೋ ಎಂಬ ಉದ್ಯಮಿ ಹಳಿ ಹಾಸಿಸಿದನು. ಹಳಿಯ ಮೇಲೆ ಸಣ್ಣ ಬಂಡಿ. ಎಂಜಿನ್ ಇಲ್ಲ, ಕುದುರೆಯೂ ಇಲ್ಲ. ಎರಡು ಮೂರು ಆಳುಗಳು ಹಿಂದಿನಿಂದ ನೂಕುವರು! 1895ರಲ್ಲಿ ಮೊದಲ ಭಾಗ, 1896ರಲ್ಲಿ ಓದಾವಾರಾದವರೆಗಿನ 25 ಕಿಲೋಮೀಟರೂ ತೆರೆಯಿತು. ಸುಮಾರು ನಾಲ್ಕು ಗಂಟೆಯ ಪಯಣ. ನಮ್ಮ ವಿಶ್ವೇಶ್ವರಯ್ಯನವರು ಮೊದಲ ಸಲ ಜಪಾನನ್ನು ನೋಡಿಬಂದ 1898ರಲ್ಲಿ ಈ ಬಂಡಿಗಳು ಓಡುತ್ತಿದ್ದುವೆಂದರೆ ಕಾಲದ ಅಂದಾಜು ಆಗುತ್ತದೆ. ಬಂಡಿಯಲ್ಲಿ ಮೂರು ದರ್ಜೆಗಳಿದ್ದುವು. ಏರು ಬಂದಾಗ ಒಂದನೆಯ ದರ್ಜೆಯವರು ಕುಳಿತೇ ಇರುವರು, ಎರಡನೆಯ ದರ್ಜೆಯವರು ಇಳಿದು ನಡೆಯುವರು, ಮೂರನೆಯ ದರ್ಜೆಯವರು ಇಳಿದು ಆಳುಗಳ ಜೊತೆಗೆ ತಾವೂ ನೂಕುವರು ಎಂಬುದು ಆ ಕಡೆಯ ಪ್ರಸಿದ್ಧ ಮಾತು. ಹಣ ಕೊಟ್ಟು ಬಂಡಿ ನೂಕುವ ಭಾಗ್ಯ! ಸಮಾಜಶಾಸ್ತ್ರದ ದಪ್ಪ ಪುಸ್ತಕಗಳಿಗಿಂತ ಈ ಏರುದಾರಿಯೊಂದು ಸಾಕು.

1907ರಲ್ಲಿ ಬಂಡಿಗೆ ಉಗಿಯೆಂಜಿನ್ ಬಂತು. 1923ರ ಸೆಪ್ಟೆಂಬರ್ 1ರ ಮಹಾಭೂಕಂಪವೂ ಅದರೊಡನೆ ಬಂದ ಕಡಲಿನ ಅಲೆಯೂ ಊರನ್ನೂ ಹಳಿಯನ್ನೂ ಹಾಳುಮಾಡಿದುವು. ಆ ಕಿರುರೈಲು ಮತ್ತೆ ಏಳಲಿಲ್ಲ. ಆದರೆ 1925ರಲ್ಲಿ ದೊಡ್ಡ ರೈಲೇ ಅತಾಮಿಗೆ ತಲುಪಿತು. ಮುಂದಕ್ಕೆ ಬೆಟ್ಟ ಅಡ್ಡ. ಅದನ್ನು ಕೊರೆದು ತನ್ನಾ ಸುರಂಗವನ್ನು ಮಾಡಲು 1918ರಲ್ಲಿ ತೊಡಗಿದ ಕೆಲಸ ಮುಗಿದದ್ದು 1934ರಲ್ಲಿ. ಉದ್ದ 7,804 ಮೀಟರು. ಸತ್ತ ಕೆಲಸಗಾರರು 67 ಮಂದಿ. ಬೆಟ್ಟದೊಳಗಿನ ನೀರು ಸುರಂಗಕ್ಕೆ ನುಗ್ಗಿ ಬಂತು. ಅದನ್ನು ಹರಿಯಬಿಟ್ಟುದರಿಂದ ಮೇಲಿನ ತನ್ನಾ ಬಯಲಿನ ಊರುಗಳಲ್ಲಿ ತೊರೆಗಳೂ ಬಾವಿಗಳೂ ಬತ್ತಿದುವು. ಭತ್ತವನ್ನೂ, ತಣ್ಣನೆಯ ತೊರೆಯಲ್ಲಿ ವಸಾಬಿ ಎಂಬ ಖಾರದ ಗೆಡ್ಡೆಯನ್ನೂ ಬೆಳೆಯುತ್ತಿದ್ದ ರೈತರು ಪ್ರತಿಭಟಿಸಿದರು, ಪರಿಹಾರ ಪಡೆದರು. ಆದರೆ ಬೆಟ್ಟದ ನೀರು ಮರಳಲಿಲ್ಲ. ಅಲ್ಲಿಯವರು ಹಸು ಸಾಕಿ ಹಾಲು ಮಾರಲು ಕಲಿತರು. ಕೆಳಗೆ ಬಿಸಿನೀರಿನ ಊರಿಗೆ ಜನ ಹರಿದುಬಂದ ಹೊತ್ತಿನಲ್ಲಿ ಮೇಲಿನ ಊರಿನ ತಣ್ಣೀರು ಹೋಯಿತೆಂಬುದನ್ನು ಪ್ರವಾಸಿ ಕೈಪಿಡಿಗಳು ಅಷ್ಟಾಗಿ ಹೇಳುವುದಿಲ್ಲ.

ಊರಿಗೆ ಹೆಸರು ತಂದ ಮತ್ತೊಂದು ಸಂಗತಿ ಕಾದಂಬರಿ. ಓಝಾಕಿ ಕೋಯೋ 1897ರಿಂದ ಪತ್ರಿಕೆಯಲ್ಲಿ ಬರೆದ, 1903ರಲ್ಲಿ ಅವನ ಸಾವಿನಿಂದ ಅಪೂರ್ಣವಾಗಿ ಉಳಿದ ‘ಕೊಂಜಿಕಿ ಯಾಶಾ’ದಲ್ಲಿ ನಾಯಕನು ತನ್ನನ್ನು ಬಿಟ್ಟು ಹಣವಂತನನ್ನು ಒಪ್ಪಿದ ಹುಡುಗಿಯನ್ನು ಅತಾಮಿಯ ಕಡಲತಡಿಯಲ್ಲಿ ಒದೆಯುತ್ತಾನೆ. ಆ ಒದೆತದ ಕಂಚಿನ ಪ್ರತಿಮೆಯನ್ನೇ 1986ರಲ್ಲಿ ನಿಲ್ಲಿಸಿದ್ದಾರೆ. ಇದು ಹಿಂಸೆಯನ್ನು ಸಮರ್ಥಿಸುವುದಲ್ಲ ಎಂಬ ಫಲಕವೂ ಅಲ್ಲಿದೆ. ಫಲಕ ಹಾಕಬೇಕಾದ ಪ್ರತಿಮೆಯನ್ನು ನಿಲ್ಲಿಸುವುದೇಕೆ ಎಂದು ನನ್ನಾಕೆ ಕೇಳಿದಳು.

1950ರ ಏಪ್ರಿಲಿನಲ್ಲಿ ದೊಡ್ಡ ಬೆಂಕಿಯಲ್ಲಿ ಸುಮಾರು ಸಾವಿರ ಕಟ್ಟಡಗಳು ಉರಿದುಹೋದುವು. ಆದರೆ ಯುದ್ಧದ ಬಳಿಕ ಜನರ ಕೈಯಲ್ಲಿ ಕಾಸು ಆಡತೊಡಗಿದ ಕಾಲ. ಊರು ಬೇಗ ಮತ್ತೆ ಎದ್ದಿತು. ನವದಂಪತಿಗಳು ಬಂದರು, ಕಂಪೆನಿಗಳ ತಂಡಗಳು ಬಂದುವು. ಆ ಕಾಲದ ಅತಾಮಿಯನ್ನು ಯಥಾವತ್ತಾಗಿ ಹಿಡಿದಿಟ್ಟದ್ದು ಓಝು ಯಾಸುಜಿರೋ 1953ರಲ್ಲಿ ತೆಗೆದ ‘ಟೋಕಿಯೋ ಸ್ಟೋರಿ’ ಎಂಬ ಚಲನಚಿತ್ರ. ದೂರದ ಒನೊಮಿಚಿ ಊರಿನ ವೃದ್ಧ ದಂಪತಿಗಳು ಟೋಕಿಯೋದಲ್ಲಿರುವ ಮಕ್ಕಳನ್ನು ನೋಡಲು ಬರುತ್ತಾರೆ. ಮಗ ವೈದ್ಯ, ಮಗಳಿಗೆ ಕೇಶಾಲಂಕಾರದ ಅಂಗಡಿ; ಇಬ್ಬರಿಗೂ ಬಿಡುವಿಲ್ಲ. ಮಕ್ಕಳು ಹಣ ಕೂಡಿಸಿ ತಂದೆತಾಯಿಗಳನ್ನು ಅತಾಮಿಯ ವಸತಿಗೃಹಕ್ಕೆ ಕಳುಹಿಸುತ್ತಾರೆ. ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವುದಕ್ಕಿಂತ ಅದೇ ಅಗ್ಗವೆಂಬ ಲೆಕ್ಕವೂ ಅದರಲ್ಲಿದೆ. ರಾತ್ರಿಯಿಡೀ ಪಕ್ಕದ ಕೋಣೆಗಳಲ್ಲಿ ಜೂಜು, ಹಾಡು, ಗದ್ದಲ. ಮುದುಕರಿಗೆ ನಿದ್ರೆಯಿಲ್ಲ. ಬೆಳಗ್ಗೆ ಕಡಲಿನ ತಡೆಗೋಡೆಯ ಮೇಲೆ ಇಬ್ಬರೂ ಕುಳಿತು ಮಾತಾಡುತ್ತಾರೆ. ಏಳುವಾಗ ಮುದುಕಿಗೆ ತಲೆ ಸುತ್ತುತ್ತದೆ. ಹೇಳಿದ ದಿನಕ್ಕೆ ಮುಂಚೆಯೇ ಮರಳಿದ ಅವರನ್ನು ಕಂಡು ಮಗಳಿಗೆ ಕಿರಿಕಿರಿ. ಊರಿಗೆ ಹಿಂದಿರುಗಿದ ಕೆಲವೇ ದಿನಗಳಲ್ಲಿ ಆ ತಾಯಿ ತೀರಿಕೊಳ್ಳುತ್ತಾಳೆ.

ಎರಡನೆಯ ದಿನ ಬೆಳಗ್ಗೆ ನಾವೂ ಕಡಲಂಚಿನ ದಾರಿಯಲ್ಲಿ ಕುಳಿತಿದ್ದೆವು. ಇತಿಹಾಸದ ಮೇಷ್ಟರ ಚಾಳಿ ಎಲ್ಲಿ ಹೋಗುತ್ತದೆ? ಈ ಚಿತ್ರದ ಕಥೆಯನ್ನೆಲ್ಲ ಹೇಳಿದೆ. ಅವಳು ಮೌನವಾಗಿ ಕೇಳಿದಳು. ಕೊನೆಗೆ, “ಅಲ್ಲಾರೀ, ನಮ್ಮನ್ನೂ ಅವರು ಹಾಗೇ ಕಳಿಸಿದರೇನು?” ಎಂದಳು. ನಾನು ಇಲ್ಲವೆಂದೆ, ಅವರಿಗೆ ರಜೆ ಸಿಗಲಿಲ್ಲವಷ್ಟೆ ಎಂದೆ. “ಆ ಸಿನಿಮಾದ ಮಕ್ಕಳಿಗೂ ರಜೆ ಇರಲಿಲ್ಲ ಅಂತ ನೀವೇ ಹೇಳಿದಿರಲ್ಲ” ಎಂದು ಅವಳು ಕಡಲನ್ನು ನೋಡಿದಳು. ಸ್ವಲ್ಪ ಹೊತ್ತಿನ ಬಳಿಕ ತಾನೇ, “ಆದರೆ ನಮ್ಮವಳು ಸಾರಿನಲ್ಲಿ ಮೀನು ಹಾಕಬೇಡಿ ಅಂತ ನಾಲ್ಕು ಸಲ ಬರೆದಿದ್ದಾಳೆ” ಎಂದಳು. ಅಷ್ಟಕ್ಕೆ ಆ ಮಾತು ನಿಂತಿತು. ಮಗಳೂ ಇದನ್ನು ಓದುವವಳಾದುದರಿಂದ ಅವಳ ಅನುಮತಿ ಪಡೆದೇ ಬರೆದಿದ್ದೇನೆ. ಅವಳು ಆ ಚಿತ್ರವನ್ನು ಆಮೇಲೆ ನೋಡಿದಳಂತೆ. ಏನೂ ಹೇಳಲಿಲ್ಲ, ಆ ವಾರ ಮಾತ್ರ ದಿನವೂ ಕರೆ ಮಾಡಿದಳು.

1964ರಲ್ಲಿ ಶಿನ್‌ಕಾನ್‌ಸೆನ್ ಬಂದು, ಟೋಕಿಯೋ ಮುಕ್ಕಾಲು ಗಂಟೆ, ಒಂದು ಗಂಟೆಯ ದೂರಕ್ಕೆ ಇಳಿಯಿತು. ಮರದ ಮನೆಗಳ ಜಾಗದಲ್ಲಿ ಕಾಂಕ್ರೀಟಿನ ದೈತ್ಯ ಹೋಟೆಲುಗಳೆದ್ದುವು. ಒಂದೇ ಕೋಣೆಯಲ್ಲಿ ನೂರು ಜನ ಉಣ್ಣುವ, ಕುಡಿಯುವ, ಹಾಡುವ ಕಾಲ. 1960ರ ದಶಕದ ಕೊನೆಗೆ ವರ್ಷಕ್ಕೆ 50 ಲಕ್ಷ ಮೀರಿ ಜನ ಬಂದು ತಂಗುತ್ತಿದ್ದರು. 1990ರ ದಶಕದಲ್ಲಿ ದೇಶದ ಆರ್ಥಿಕ ಉಬ್ಬರ ಇಳಿದಾಗ ಕಂಪೆನಿಗಳ ಪ್ರವಾಸ ನಿಂತಿತು, ಹೋಟೆಲುಗಳು ಮುಚ್ಚಿದುವು. 2011ರಲ್ಲಿ ತಂಗಿದವರ ಸಂಖ್ಯೆ ಹಿಂದಿನ ಅರ್ಧಕ್ಕಿಂತ ಕೆಳಗೆ ಬಂತು. ಆಮೇಲೆ ಮತ್ತೆ ಚೇತರಿಸಿತು. ಆ ಇಳಿತದಲ್ಲಿ ಉಳಿದುಕೊಂಡ ಒಂದು ಚೆಲುವಾದ ಮನೆ ಕಿಉನ್‌ಕಾಕು. 1919ರಲ್ಲಿ ಹಡಗು ವ್ಯಾಪಾರಿಯೊಬ್ಬನ ವಿಹಾರಗೃಹವಾಗಿ ಹುಟ್ಟಿ, 1947ರಿಂದ ರ್ಯೊಕಾನ್ ಆಗಿ, 1999ರಲ್ಲಿ ಮುಚ್ಚಿತು. ಮರುವರ್ಷ ನಗರಸಭೆಯೇ ಕೊಂಡು ಸಾರ್ವಜನಿಕರಿಗೆ ತೆರೆಯಿತು. ದಾಜಾಯಿ ಒಸಾಮು ತನ್ನ ಕೊನೆಯ ವರ್ಷವಾದ 1948ರಲ್ಲಿ ಇದರ ಬೇರೊಂದು ಕಟ್ಟಡದಲ್ಲಿ ತಂಗಿ ‘ನಿಂಗೆನ್ ಶಿಕ್ಕಾಕು’ ಕಾದಂಬರಿಯ ಭಾಗವನ್ನು ಬರೆದನು. ಆ ಮನೆಯ ಗಾಜಿನ ಕಿಟಕಿಗಳ ಹಿಂದೆ ತೋಟವನ್ನು ನೋಡುತ್ತ ನಾವು ಒಂದು ಗಂಟೆ ಕುಳಿತೆವು.

ನಮ್ಮ ವಸತಿಗೃಹದಲ್ಲಿ ರಾತ್ರಿ ಹಾಸಿಗೆ ಹಾಸಲು ಬಂದವನು ನೇಪಾಳದ ಹುಡುಗ. ಇಪ್ಪತ್ತೆರಡು, ಇಪ್ಪತ್ತಮೂರರ ಪ್ರಾಯ. ನಮ್ಮನ್ನು ನೋಡಿ ಹಿಂದಿಯಲ್ಲಿ ಮಾತಾಡಿದನು. ನನ್ನ ಹಿಂದಿ ಶಾಲೆಯ ಹಿಂದಿ, ಆದರೂ ಸಾಕಾಯಿತು. ಊರಿನಲ್ಲಿ ದುಡಿಯುವ ವಯಸ್ಸಿನವರು ಕಡಮೆ. ನಿವಾಸಿಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿ 65 ದಾಟಿದವರು. ಹಾಸಿಗೆ ಹೊರಲು, ಬಟ್ಟಲು ತೊಳೆಯಲು ದೂರದ ದೇಶದ ಮಕ್ಕಳು ಬರುತ್ತಿದ್ದಾರೆ. ಅವನು ಇವಳ ಮಂಡಿಯನ್ನು ನೋಡಿ, “ಮಾತಾಜಿ, ಮೂರು ಹಾಸಿಗೆ ಒಂದರ ಮೇಲೊಂದು ಹಾಕುತ್ತೇನೆ, ಏಳಲು ಸುಲಭ” ಎಂದು ಹಾಗೆಯೇ ಮಾಡಿದನು. ನೀನು ಈ ನೀರಿನಲ್ಲಿ ಮೀಯುತ್ತೀಯಾ ಎಂದು ಕೇಳಿದೆ. ಕೆಲಸ ಮುಗಿದು, ಅತಿಥಿಗಳೆಲ್ಲ ಮಲಗಿದ ಮೇಲೆ, ಹತ್ತು ನಿಮಿಷ ಎಂದನು. ಅವನ ತಾಯಿ ಕಡಲನ್ನು ಕಂಡವಳಲ್ಲ. ದೂರವಾಣಿಯಲ್ಲಿ ಕಡಲನ್ನು ತೋರಿಸಿದಾಗ ಅವಳು ಮೊದಲು ಕೇಳಿದ್ದು, ನೀನು ಅಷ್ಟು ನೀರಿನ ಹತ್ತಿರ ಯಾಕೆ ಮಲಗುತ್ತೀಯೆ ಎಂದಂತೆ.

ಇನ್ನೂ ಐದು ದಿನ ಇದ್ದಿದ್ದರೆ ಕಾಲು ಮಡಿಸಲು ಬರುತ್ತಿತ್ತೋ ಏನೋ ಎಂದು ಹೊರಡುವಾಗ ನನ್ನಾಕೆ ಹೇಳಿದಳು. ಮರುದಿನ ಶನಿವಾರ, ಕೋಣೆಗಳೆಲ್ಲ ತುಂಬಿದ್ದುವು.

ಮೂರು ವರ್ಷ ತುಂಬುವ ಮುನ್ನ, 2021ರ ಜುಲೈ 3ರಂದು, ಅತಾಮಿಯ ಇಜುಸಾನ್ ಭಾಗದಲ್ಲಿ ಸತತ ಮಳೆಗೆ ಮಣ್ಣು ಕುಸಿಯಿತು. ಕಡಲಿನ ಬಳಿಯ ಗುಹೆಯಿಂದ ಬಿಸಿನೀರು ಹರಿಯುವ ಹಾಶಿರಿಯು ಎಂಬ ಅತಿ ಪ್ರಾಚೀನ ಬುಗ್ಗೆ ಇರುವುದು ಆ ಭಾಗದಲ್ಲಿಯೇ. ಕಣಿವೆಯ ಮೇಲ್ತುದಿಯಲ್ಲಿ ತಂದು ಸುರಿದಿದ್ದ ಮಣ್ಣಿನ ರಾಶಿಯೇ ಇಳಿದು ಮನೆಗಳನ್ನು ಕೊಚ್ಚಿಕೊಂಡು ಹೋಯಿತು. 28 ಜನ ಸತ್ತರು. ಮಗಳು ವಸತಿಗೃಹಕ್ಕೆ ಕರೆ ಮಾಡಿ ವಿಚಾರಿಸಿದಳು, ಅವರೆಲ್ಲ ಕ್ಷೇಮವಾಗಿದ್ದರು. ಆ ಹುಡುಗ ಒಂದು ವರ್ಷದ ಹಿಂದೆಯೇ ಬೇರೆ ಊರಿಗೆ ಹೋಗಿದ್ದನಂತೆ. ಮನೆ ಕಳೆದುಕೊಂಡವರನ್ನೂ ಮನೆಗೆ ಮರಳಲಾಗದವರನ್ನೂ ನಗರದ ಹೋಟೆಲುಗಳ ಕೋಣೆಗಳಲ್ಲಿ ಇರಿಸಿದರು. ಅನೇಕರು ವಾರಗಟ್ಟಲೆ ಅಲ್ಲಿಯೇ ಇದ್ದರು, ಅವರಲ್ಲಿ ವಯಸ್ಸಾದವರು ಬಹಳ. ಇದನ್ನು ಮಗಳು ಹೇಳುತ್ತಿದ್ದಾಗ ಇವಳು ನನ್ನ ಕೈಯಿಂದ ದೂರವಾಣಿಯನ್ನು ಕಿತ್ತುಕೊಂಡು, ಅವರಿಗೆಲ್ಲ ಕೂರಲು ಕುರ್ಚಿ ಕೊಟ್ಟಿದ್ದಾರೋ ಇಲ್ಲ ನೆಲದಲ್ಲೇ ಕೂರಿಸಿದ್ದಾರೋ ಕೇಳು ಎಂದಳು.